ಅವಳ ಚಾಪೆಯ ದಿಕ್ಕು

ನನ್ನ ಹೆಂಡತಿ ತೀರಿಕೊಂಡ ಮೇಲೆ ಮಹಡಿಯ ಕೋಣೆಯಲ್ಲಿದ್ದ ಅವಳ ನಮಾಜಿನ ಚಾಪೆಯನ್ನು ನಾನು ಮಡಿಸಲಿಲ್ಲ. ಕಿಟಕಿಯ ಎದುರು ಅವಳು ಹಾಸಿದ್ದಂತೆಯೇ ಅದು ಬಿದ್ದುಕೊಂಡಿತ್ತು. ಗುಡಿಸುವಾಗ ಸುತ್ತ ಗುಡಿಸುತ್ತಿದ್ದೆ. ಪಕ್ಕದಲ್ಲಿ ನನ್ನ ಚಾಪೆ ಹಾಸಿಕೊಂಡು, ಹಣೆ ನೆಲಕ್ಕಿಟ್ಟ ಅವಳು ಇನ್ನೂ ತಲೆಯೆತ್ತಿಲ್ಲವೇನೋ ಎಂಬಂತೆ ನಿಧಾನವಾಗಿ ನಮಾಜು ಓದುತ್ತಿದ್ದೆ. ಅವಸರ ಮಾಡಿದರೆ ಅವಳು ಹಿಂದುಳಿದುಬಿಡುತ್ತಾಳೆ ಎನಿಸುತ್ತಿತ್ತು.

ಕೆಳಗೆ ನನ್ನ ಅಂಗಡಿ. ಪುಸ್ತಕಗಳಿಗೆ ರಟ್ಟು ಕಟ್ಟುವುದು ನನ್ನ ಕಸುಬು. ಆ ಮಧ್ಯಾಹ್ನ ಒಂದು ಹಳೆಯ ನಿಘಂಟಿನ ಬೆನ್ನಿಗೆ ಗೋಂದು ಬಳಿಯುತ್ತಿದ್ದಾಗ ಮಗಳು ಬಂದು ನಿಂತಳು. ಶಾಲೆಯಲ್ಲಿ ವಿಜ್ಞಾನ ಕಲಿಸುವವಳು, ರಜಕ್ಕೆ ಬಂದಿದ್ದಳು.

"ಅಬ್ಬಾ, ಕೈ ತೊಳ್ಕೊಂಡು ಮೇಲೆ ಬನ್ನಿ. ಇನ್ನೊಂದು ಗಳಿಗೇಲಿ ಸೂರ್ಯ ಮೆಕ್ಕಾದಲ್ಲಿ ಕಾಬಾದ ನೆತ್ತಿ ಮೇಲೆ ಬರ್ತಾನೆ."

"ಬರಲಿ. ನನ್ನ ಅಪ್ಪಣೆ ಕೇಳ್ಕೊಂಡು ಬರ್ತಾನಾ?"

"ವರ್ಷಕ್ಕೆ ಎರಡೇ ಸಲ ಹೀಗಾಗೋದು. ಆಗ ಬಿಸಿಲಿರೋ ಕಡೆಯೆಲ್ಲ, ನೆಟ್ಟಗೆ ನಿಂತ ವಸ್ತುವಿನ ನೆರಳು ಕಾಬಾಕ್ಕೆ ಬೆನ್ನು ಹಾಕಿ ಬೀಳುತ್ತೆ. ಬಿಸಿಲಿಗೆ ಮುಖ ಮಾಡಿದ್ರೆ ಕಾಬಾಕ್ಕೆ ಮುಖ ಮಾಡಿದ ಹಾಗೇ. ಒಂದು ದಾರ ಸಾಕು, ನೋಡ್ಬಿಡೋಣ."

"ನಮ್ಮ ಮನೇಲಿ ದಿಕ್ಕೇನೂ ಕಳೆದುಹೋಗಿಲ್ಲಮ್ಮ."

"ಅಮ್ಮಿ ಚಾಪೆ ಗೋಡೆಗೆ ಸಮವಾಗಿದೆ. ಗೋಡೆ ಕಟ್ಟಿದ ಮೇಸ್ತ್ರಿ ಏನು ಕಾಬಾ ನೋಡಿ ಕಟ್ಟಿದ್ನಾ, ರಸ್ತೆ ನೋಡಿ ಕಟ್ಟಿದ್ನಾ?"

ನನ್ನ ಹೆಂಡತಿಗೆ ಸೊಟ್ಟಗಿದ್ದದ್ದನ್ನು ಕಂಡರೆ ಆಗುತ್ತಿರಲಿಲ್ಲ. ನೆಂಟರ ಮನೆಗೆ ಹೋದರೂ ಗೋಡೆಯ ಪಟಗಳನ್ನು ಸರಿಮಾಡಿಯೇ ಕುಳಿತುಕೊಳ್ಳುವವಳು. ಚಾಪೆಯ ಅಂಚು ಗೋಡೆಗೆ ಸಮವಾಗಿರಬೇಕು. ಅಲ್ಲಿಗೆ ಅವಳ ಮನಸ್ಸು ನಿಲ್ಲುತ್ತಿತ್ತು.

"ನಿನ್ನ ವಿಜ್ಞಾನ ಶಾಲೇಲಿರಲಿ. ಆ ಚಾಪೆ ಮಾತ್ರ ಮುಟ್ಟಬೇಡ," ಎಂದೆ.

"ಮುಟ್ಟಲ್ಲ, ಅಬ್ಬಾ. ಆದರೆ ಗಡಿಯಾರ ಬರೋ ಮುಂಚೆ ನಮಾಜಿನ ಹೊತ್ತು ತಿಳ್ಕೊಳ್ತಿದ್ದದ್ದು ನೆರಳು ನೋಡಿ ತಾನೆ? ನೆರಳೇನು ನಮಗೆ ಹೊಸ ನೆಂಟನಾ?"

ಹೊಲಿಗೆಯ ದಾರದ ಉಂಡೆಯನ್ನು ಅವಳ ಕೈಗೆ ಕೊಟ್ಟೆ. ಏಕೆ ಕೊಟ್ಟೆನೋ ನನಗೇ ತಿಳಿಯದು.

ಇಬ್ಬರೂ ಮಹಡಿ ಹತ್ತಿದೆವು. ಅವಳು ಕಿಟಕಿಯ ಮೇಲಿನ ಸರಳಿಗೆ ದಾರ ಕಟ್ಟಿ, ತುದಿಗೆ ಬೀಗವೊಂದನ್ನು ತೂಗುಬಿಟ್ಟಳು. ದಾರ ತೂಗಿ ತೂಗಿ ನಿಂತಿತು. ಹೊರಗೆ ಬೀದಿಯೂ ನಿದ್ದೆಹೋದಂತಿತ್ತು. ದೀಪದ ಕಂಬ, ನಿಲ್ಲಿಸಿದ ಸೈಕಲ್ಲು, ಗೋಡೆಗೊರಗಿದ ಏಣಿ, ಎಲ್ಲವೂ ನೆರಳನ್ನು ಒಂದೇ ಕಡೆಗೆ ಚಾಚಿ ನಿಂತಿದ್ದವು. ಆಗ ನನಗೆ ಕಣ್ಣು ತೆರೆದೇ ಕನಸು ಬಿದ್ದಂತಾಯಿತು. ನಾನು ಕಾಣದ ಊರುಗಳ ಕಂಬಗಳು, ಹಡಗುಗಳ ಪಟಸ್ತಂಭಗಳು, ಹೆಸರು ತಿಳಿಯದ ಮರಗಳು, ಯಾರ ಮಾತೂ ಕೇಳದೆ, ಯಾವ ಮತವೆಂದೂ ತಿಳಿಯದೆ, ಒಂದೇ ಮನೆಗೆ ಮುಖಮಾಡಿ ಸಾಲಾಗಿ ನಿಂತಿದ್ದವು. ಲೆಕ್ಕ ಹಾಕಿ ಈ ಗಳಿಗೆಯನ್ನು ಕಂಡುಕೊಂಡವರು ಪುಣ್ಯವಂತರೆಂದುಕೊಂಡೆ.

"ಈಗ," ಎಂದಳು ಮಗಳು.

ದಾರದ ನೆರಳು ಚಾಪೆಯ ಮೇಲೆ ಓರೆಯಾಗಿ ಹಾದುಹೋಗಿತ್ತು. ಕತ್ತರಿಯನ್ನು ಅರ್ಧ ತೆರೆದಷ್ಟು ವ್ಯತ್ಯಾಸ.

ಅಲ್ಲೇ ಕುಳಿತುಬಿಟ್ಟೆ. "ನನ್ನ ನಮಾಜು ಹಾಗಿರಲಿ. ನಾನಿನ್ನೂ ಬದುಕಿದ್ದೀನಿ, ಸರಿಮಾಡ್ಕೋತೀನಿ. ಅವಳು ಏನು ಮಾಡ್ತಾಳಮ್ಮ? ಜ್ವರ ಬಂದಾಗಲೂ ಗೋಡೆ ಹಿಡ್ಕೊಂಡು ನಿಂತವಳು. ಅದೆಲ್ಲ ಎಲ್ಲಿಗೆ ಹೋಯ್ತು?"

ಮಗಳು ನನ್ನ ಪಕ್ಕದಲ್ಲಿ ಕುಳಿತಳು. "ಪೈಗಂಬರರ ಕಾಲದಲ್ಲಿ ಮೊದಮೊದಲು ಜನ ಬೇರೆ ದಿಕ್ಕಿಗೆ ನಮಾಜು ಮಾಡ್ತಿದ್ರಂತೆ. ಒಂದಿನ ಮಾಡ್ತಿರುವಾಗಲೇ ಯಾರೋ ಬಂದು ದಿಕ್ಕು ಬದಲಾಗಿದೆ ಅಂದ್ರಂತೆ. ನಿಂತ ಕಡೆಯೇ ಎಲ್ಲರೂ ತಿರುಗಿದ್ರಂತೆ. ಆ ಕತೆ ನಿಮಗೆ ಗೊತ್ತಲ್ಲ?"

"ಗೊತ್ತು."

"ನನಗೆ ಹೇಳಿದ್ದು ಅಮ್ಮಿ. ಹಾಗಾದ್ರೆ ಮುಂಚೆ ಮಾಡಿದ್ದು ದಂಡ ಆಯ್ತಾ ಅಂತ ಕೇಳಿದ್ದೆ. ಅವರು ನಕ್ಕುಬಿಟ್ರು. 'ಕತ್ತಲೇಲಿ ನೀನು ಅಮ್ಮಿ ಅಂತ ಕೂಗಿದ್ರೆ, ಯಾವ ಕಡೆ ತಿರುಗಿ ಕೂಗಿದೆ ಅಂತ ವಿಚಾರಿಸಿ ಬರ್ತೀನೇನೇ? ದೀಪ ಹಚ್ಚಿದ ಮೇಲೂ ಗೋಡೆ ನೋಡ್ಕೊಂಡು ಕೂಗಿದ್ರೆ ಮಾತ್ರ ಕಿವಿ ಹಿಂಡ್ತೀನಿ' ಅಂದ್ರು."

ನನ್ನ ಹೆಂಡತಿಯ ಧಾಟಿಯೇ ಅದು. ಅಷ್ಟು ದಿನಗಳ ಮೇಲೆ ಆ ಕೋಣೆಯಲ್ಲಿ ಅವಳ ದನಿ ಕೇಳಿದಂತಾಗಿ ನನಗೆ ಅಳು ಬಂತು, ನಗುವೂ ಬಂತು.

ಬಿಸಿಲು ಇಳಿಯತೊಡಗಿದಾಗ ದೂರದಿಂದ ಅಸರ್ ನಮಾಜಿಗೆ ಕರೆಯುವ ಬಾಂಗು ಕೇಳಿಸಿತು. ಕೈಕಾಲು ಮುಖ ತೊಳೆದು ವುಜೂ ಮಾಡಿ ಬಂದು, ಅವಳ ಚಾಪೆಯ ಹಣೆ ತಾಗುವ ತುದಿಯನ್ನು ಎಡಗೈಯಿಂದ ಒತ್ತಿ ಹಿಡಿದೆ. ಆ ಜಾಗ ಕದಲಬಾರದು. ಮಗಳು ನೆರಳು ನೋಡಿ ನೆಲದ ಮೇಲೆ ಗುರುತುಮಾಡಿದ್ದ ಗೆರೆಗೆ ಸರಿಯಾಗಿ, ಪಾದವಿಡುವ ಕಡೆಯ ತುದಿಯನ್ನು ಮಾತ್ರ ಎಳೆದೆ. ಚಾಪೆ ಸದ್ದಿಲ್ಲದೆ ತಿರುಗಿತು.

ಅದು ಬಿಟ್ಟುಕೊಟ್ಟ ನೆಲ ಸುತ್ತಲಿನಂತೆ ಮಾಸಿರಲಿಲ್ಲ. ಹೊಸ ಮನೆಯ ನೆಲದಂತೆ ಕೆಂಪಗೆ ಹೊಳೆಯುತ್ತಿತ್ತು. ಅವಳು ನಿಂತ ಜಾಗವನ್ನು ಬಿಸಿಲು ಇಷ್ಟು ವರ್ಷ ಮುಟ್ಟಿಯೇ ಇರಲಿಲ್ಲ.

ಮೊದಲ ಸಲ ಅವಳ ಚಾಪೆಯ ಮೇಲೆ ನಿಂತೆ. ನನ್ನ ಒಂದು ಪಾದ ಅಂಚು ದಾಟಿ ಆ ಕೆಂಪು ನೆಲದ ಮೇಲಿತ್ತು. ಅದು ತಣ್ಣಗಿತ್ತು. ಕೈಯೆತ್ತಿ ನಮಾಜು ಆರಂಭಿಸಿದೆ.