ಹಿತ್ತಲಿನ ಜರ್ಮನಿ ದೋಸೆ

ಮೂರು ಮೊಟ್ಟೆ ಕೊಳ್ಳಲು ನಾನು ಶುಕ್ರವಾರ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಬಸ್ಸು ಹತ್ತಿ ಹೋದೆ. ನಗುವವರು ನಗಲಿ. ಚಳ್ಳಕೆರೆಯಲ್ಲಿ ನನ್ನದು ಎಣ್ಣೆ ಅಂಗಡಿ. ಕೊರಳಲ್ಲಿ ಲಿಂಗವಿರುವ ವಿಶ್ವನಾಥ್ ಮೊಟ್ಟೆ ಕೊಂಡ ಎಂಬ ಸುದ್ದಿ, ನಾನು ಮನೆ ಮುಟ್ಟುವ ಮೊದಲೇ ಅಕ್ಕನ ಕಿವಿ ಮುಟ್ಟುತ್ತದೆ.

ಅಲ್ಲಿನ ಅಂಗಡಿಯ ಯರ್ರಮ್ಮ, "ಎನ್ನಿ ಕಾವಾಲಿ ಸಾಮಿ?" ಎಂದು ತೆಲುಗಿನಲ್ಲಿ ಕೇಳಿದಳು. ಮೂರು ಎಂದೆ.

"ಮೂರೇ ಮೂರಾ? ಮನೇಲಿ ಎಷ್ಟು ಜನ ಇದೀರಿ?"

ಮೂವರು ಎಂದೇ ಬಾಯಿಗೆ ಬಂತು. ನುಂಗಿಕೊಂಡು ಇಬ್ಬರು ಎಂದೆ.

ನನ್ನ ಹೆಂಡತಿ ಮಾರ್ಲೀಸ್ ಜರ್ಮನಿಯವಳು. ಬ್ರಹ್ಮಗಿರಿಯ ಶಾಸನ ನೋಡಲು ಬಂದವಳು ನನ್ನನ್ನು ಮದುವೆಯಾಗಿ ಇಪ್ಪತ್ತಾರು ವರ್ಷ ನಮ್ಮ ಬಿಸಿಲಿನಲ್ಲಿ ಬಾಳಿದಳು. ಮುದ್ದೆ ನುಂಗುವುದನ್ನು ಕಲಿತಳು, ಕನ್ನಡ ಬರೆಯುವುದನ್ನೂ ಕಲಿತಳು. ಒಂದನ್ನು ಮಾತ್ರ ಬಿಡಲಿಲ್ಲ. ಅವಳು ಚಿಕ್ಕವಳಿದ್ದಾಗ ಅವಳ ಅವ್ವ ಪ್ರತಿ ಶನಿವಾರ ಮಾಡುತ್ತಿದ್ದ ಫಾನ್‌ಕೂಖನ್. ಮೈದಾ, ಹಾಲು, ಚಿಟಿಕೆ ಉಪ್ಪು, ಮೂರು ಮೊಟ್ಟೆ. ದೋಸೆಯಂತೆಯೇ, ಆದರೆ ಬಲು ತೆಳ್ಳಗೆ.

ಮದುವೆಯಾದ ಮೊದಲ ವಾರವೇ, "ಮೊಟ್ಟೆ ಒಳಗೆ ಬೇಡ, ಅಕ್ಕಂಗೆ ಬೇಜಾರಾಗ್ತೈತೆ" ಎಂದು ಹೇಳಿಬಿಟ್ಟಿದ್ದೆ. ಅಕ್ಕ ತಿಪ್ಪೇರುದ್ರಮ್ಮ ಗಂಡನನ್ನು ಕಳೆದುಕೊಂಡು ನಮ್ಮಲ್ಲೇ ಇದ್ದವಳು, ಎರಡು ಹೊತ್ತು ಲಿಂಗಪೂಜೆ ತಪ್ಪಿಸದವಳು. ಮಾರ್ಲೀಸ್ ವಾದ ಮಾಡಲಿಲ್ಲ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಬೇರೆ ಒಲೆ, ಬೇರೆ ತವಾ ಇಟ್ಟುಕೊಂಡಳು. ಮೊದಮೊದಲು "ರೀ, ಒಂದು ತಿಂದು ನೋಡ್ರಿ" ಎಂದು ಕರೆಯುತ್ತಿದ್ದಳು. ನಾನು ಮೂಗು ಮುಚ್ಚಿಕೊಂಡು ತೋರಿಸುತ್ತಿದ್ದೆ. ದೊಡ್ಡ ತಮಾಷೆ ಎಂದುಕೊಂಡಿದ್ದೆ. ಕರೆಯುವುದನ್ನು ಅವಳು ಯಾವಾಗ ಬಿಟ್ಟಳೋ ನೆನಪಿಲ್ಲ.

ಅವಳು ತೀರಿಹೋಗಿ ಹನ್ನೊಂದು ತಿಂಗಳಾಯಿತು. ಇಷ್ಟು ವರ್ಷ ಅವಳನ್ನು ಒಬ್ಬಳೇ ಕೂತು ತಿನ್ನುವಂತೆ ಮಾಡಿದೆನಲ್ಲ ಎಂಬ ಸಂಕಟ ನಿದ್ದೆಯಲ್ಲೂ ಬಿಡುವುದಿಲ್ಲ. ಅವಳು ಕೂತಲ್ಲೇ ಕೂತು, ಅವಳು ತಿಂದದ್ದನ್ನೇ ಒಮ್ಮೆ ತಿನ್ನಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ.

ಶನಿವಾರ ಅಕ್ಕ ಮಠಕ್ಕೆ ಹೋಗುವುದನ್ನೇ ಕಾದು ಶೆಡ್ಡಿಗೆ ನುಗ್ಗಿದೆ. ಅಳತೆಯೆಲ್ಲ ಅವಳ ನೋಟ್‌ಬುಕ್ಕಿನಲ್ಲಿತ್ತು. ಮೊಟ್ಟೆ ಒಡೆಯಲು ಬಾರದೆ ಸಿಪ್ಪೆ ಸಮೇತ ಬಿತ್ತು, ಬೆರಳಿನಿಂದ ಹೆಕ್ಕಿದೆ. ಕಲಸಿ ಅರ್ಧ ಗಂಟೆ ಬಿಡಬೇಕು ಎಂದು ಬರೆದಿದ್ದಳು. ಬಿಟ್ಟು, ಪಕ್ಕದಲ್ಲೇ ಕಾದು ಕೂತೆ. ಬೆಣ್ಣೆ ಸವರಿದ್ದರೂ ಮೊದಲನೆಯದು ತವಾಕ್ಕೆ ಕಚ್ಚಿಕೊಂಡಿತು. ಎರಡನೆಯದು ರೊಟ್ಟಿಯಷ್ಟು ದಪ್ಪ. ಮೂರನೆಯದು ಒಂದಿಷ್ಟು ಚೆನ್ನಾಗಿ ಬಂತು, ಅಂಚು ಕೆಂಪಗಾಗಿ ತಾನೇ ಎದ್ದಿತು. ಸಕ್ಕರೆ ಉದುರಿಸಿ, ನಿಂಬೆ ಹಿಂಡಿ, ಸುರುಳಿ ಸುತ್ತಿ ಬಾಯಿಗಿಟ್ಟೆ.

ಮೆತ್ತಗಿತ್ತು. ಬೆಣ್ಣೆಯ ಘಮವಿತ್ತು. ನಾನು ಮೂಗು ಮುಚ್ಚಿಕೊಂಡಿದ್ದ ಆ ವಾಸನೆ ಎಲ್ಲೂ ಇರಲಿಲ್ಲ. ಇಷ್ಟಕ್ಕೇನಾ ಅವಳನ್ನು ಹೊರಗೆ ಕೂರಿಸಿದ್ದು ಎಂದು ಅಳು ಬಂತು, ಅತ್ತುಬಿಟ್ಟೆ.

ತಲೆ ಎತ್ತಿದರೆ ಬಾಗಿಲಲ್ಲಿ ಅಕ್ಕ. ಗಾಬರಿಯಾಗಿ ತಟ್ಟೆ ಮುಚ್ಚಲು ಹೋದೆ.

"ಮುಚ್ಚಬ್ಯಾಡ ಬಿಡು" ಎನ್ನುತ್ತಾ ಅಕ್ಕ ಎದುರಿಗೆ ಕೂತು, ದಪ್ಪನೆಯದರಲ್ಲಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. "ಹಿಟ್ಟು ಗಟ್ಟಿ ಆಗೈತೆ. ಹಾಲು ಇನ್ನೊಂದಿಷ್ಟು ಹುಯ್ಯಬೇಕಿತ್ತು. ಅವಳು ಹುಯ್ದ ಕೂಡ್ಲೇ ತವಾನ ಎತ್ತಿ ತಿರುಗಿಸ್ತಿದ್ಲು."

"ಅಕ್ಕಾ, ನೀನು ತಿಂದಿದ್ಯಾ?"

"ಎಷ್ಟೋ ವರ್ಷದಿಂದ."

"ಮೊಟ್ಟೆ ಅಂತ ಗೊತ್ತಿದ್ದೂ?"

"ಗೊತ್ತಿದ್ದೇ. ಆ ಹುಡುಗಿ ಒಬ್ಬಳೇ ಕುಂತು ತಿನ್ನೋದು ನೋಡಕ್ಕಾಗಲಿಲ್ಲ, ಬಂದು ಜೊತೆಗೆ ಕುಂತೆ. ಆಮೇಲೆ ಒಂದು ಶನಿವಾರನೂ ತಪ್ಪಿಸಲಿಲ್ಲ. ತಮ್ಮಂಗೂ ಹೇಳಾಣ ಅಂದೆ. ಬೇಡಕ್ಕಾ, ಅವರಿಗೆ ಬೇಜಾರಾಗ್ತೈತೆ ಅಂತ ಅವಳೇ ತಡೆದ್ಲು."

ಅಕ್ಕ ಉಳಿದ ಹಿಟ್ಟಿಗೆ ಹಾಲು ಸುರಿದು, ಸೌಟು ಹಿಡಿದು ಒಲೆಯ ಮುಂದೆ ಕೂತಳು. ಕೈ ಪಳಗಿತ್ತು. ತವಾ ಎತ್ತಿ ಒಂದು ಸುತ್ತು ತಿರುಗಿಸಿದಳು ನೋಡಿ, ಹಿಟ್ಟು ಅಂಚಿನವರೆಗೆ ತೆಳ್ಳಗೆ ಹರಡಿತು.

ಮಾರ್ಲೀಸ್ ಒಬ್ಬಳೇ ಇರಲಿಲ್ಲ ಎಂದು ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಹೊಟ್ಟೆಕಿಚ್ಚಾಯಿತು. ಅಷ್ಟು ವರ್ಷ ಇಬ್ಬರೂ ಇಲ್ಲಿ ನಗುತ್ತಾ ಕೂತಿದ್ದಾಗ, ಶುದ್ಧವಾದ ಆ ಮನೆಯೊಳಗೆ ನಾನೊಬ್ಬನೇ ಉಂಡು ಮಲಗಿರುತ್ತಿದ್ದೆ.