ಧನ್ಯಾ ಅಜ್ಜಿಯ ಕೈ ಹಿಡಿದು ಕೇಳಿದ್ದು

ಮನೆಗೆ ನೆಂಟರು ಬಂದರೆ ಯಾರಾದರೂ ಮೊದಲು ಚಾಪೆ ಹಾಸುತ್ತಾರೆ, ನೀರು ಕೊಡುತ್ತಾರೆ. ಕೆಲವು ವರ್ಷಗಳ ಹಿಂದೆ ರಾಮನಾಥಪುರದ ಬೆಟ್ಟಮ್ಮನ ಮನೆಯಲ್ಲಿ ಮಾತ್ರ ಮೊದಲು ಮೊಮ್ಮಗಳನ್ನು ಹಿತ್ತಿಲ ಬಾಗಿಲಿಂದ ಆಚೆ ಸಾಗಿಸುತ್ತಿದ್ದರು. ಹಿತ್ತಿಲಲ್ಲಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಇತ್ತು. ಬಂದವರು ಎದ್ದು ಹೋಗುವವರೆಗೂ ಆರು ವರ್ಷದ ಧನ್ಯಾ ಅದರ ಪಕ್ಕದ ಕೋಣೆಯಲ್ಲಿ, ಸೊಪ್ಪು ಕಟ್ಟುವ ಕಡ್ಡಿಗಳನ್ನು ಸಾಲಾಗಿ ಜೋಡಿಸುತ್ತಾ ಕೂತಿರಬೇಕು. ಹಿಂದಿನ ವರ್ಷ ಮಕ್ಕಳ ಗಣತಿಗೆ ಚನ್ನಪ್ಪ ಮೇಷ್ಟ್ರು ಬಂದಾಗಲೂ ಹೀಗೇ ಆಯಿತು. "ಅಂಗವಿಕಲ ಮಕ್ಕಳು ಯಾರಾದ್ರೂ ಅವ್ರಾ ಬೆಟ್ಟಮ್ಮ?" ಅಂತ ಅವರು ಕೇಳಿದರು. "ಅಂಥೋರು ನಮ್ಮನೇಲಿ ಯಾಕಿದ್ದಾರು ಮೇಷ್ಟ್ರೇ" ಅಂತ ಬೆಟ್ಟಮ್ಮ ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿದಳು.

ಬೆಟ್ಟಮ್ಮ ಕೆಟ್ಟ ಹೆಂಗಸಲ್ಲ, ಈಗಲೇ ಹೇಳಿಬಿಡುತ್ತೇನೆ. ಮೊಮ್ಮಗಳೆಂದರೆ ಅವಳಿಗೆ ಪ್ರಾಣ. ಆದರೆ ಧನ್ಯಾ ಮಾತಾಡುತ್ತಿರಲಿಲ್ಲ. ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಮಿಕ್ಸಿ ಸದ್ದು ಕೇಳಿದರೆ ಸಾಕು, ಕಿವಿ ಮುಚ್ಚಿಕೊಂಡು ಕಿರುಚುವಳು. ನೋಡಿದವರು ಹುಚ್ಚು ಅಂದುಬಿಟ್ಟರೆ ಹೇಗಪ್ಪಾ ತಡೆದುಕೊಳ್ಳಲಿ ಅಂತ ಅಜ್ಜಿಗೆ ಹೆದರಿಕೆ. ಮಾತು ಬರಲಿ ಅಂತ ಪ್ರತಿ ಭಾನುವಾರ ಬಜೆ ತೇದು ಮಗುವಿನ ನಾಲಿಗೆಗೆ ಹಚ್ಚುವಳು. ಆ ಘಾಟಿಗೆ ಮಗು ಒದ್ದಾಡಿ ಅಳುವುದು. ಅಜ್ಜಿಯೂ ಅಳುತ್ತಲೇ ಹಚ್ಚುವಳು.

ಧನ್ಯಾಳಿಗೆ ಒಂದು ಅಭ್ಯಾಸ ಇತ್ತು. ನೀರು ಬೇಕಾದರೆ ಅಜ್ಜಿಯ ಕೈ ಹಿಡಿದು ಎಳೆದುಕೊಂಡು ಹೋಗಿ ಬಿಂದಿಗೆಯ ಮೇಲಿಡುವಳು. ಆಚೆ ಹೋಗಬೇಕಾದರೆ ಅದೇ ಕೈಯನ್ನು ಬಾಗಿಲ ಚಿಲಕದ ಮೇಲಿಡುವಳು. ಅಜ್ಜಿಗೆ ರೇಗಿ ಹೋಗುವುದು. "ನಿಂಗೇನ್ ಕೈ ಇಲ್ವಾ ಮಗಾ? ನೀನೇ ತಕ್ಕಾ!" ಅಂತ ಕೈ ಕೊಸರಿಕೊಳ್ಳುವಳು.

ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿ ಇದಕ್ಕೆ ಆಟಿಸಂ ಅಂತಾರೆ ಎಂದು ಹೇಳಿದರು. ಅಲ್ಲಿ ಇಂಥ ಮಕ್ಕಳಿಗೆ ಕಲಿಸುವ ಟೀಚರು ಇದ್ದರು. ಅಂದಿನಿಂದ ಸೊಸೆ ಯಶೋದ ವಾರವಾರ ಎರಡು ಬಸ್ಸು ಹತ್ತಿ ಇಳಿದು ಮಗುವನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಳು. ಮಗು ಮಣೆಯ ಮೇಲೆ ಕೂತು ತಾನೇ ಉಣ್ಣುವುದನ್ನು ಕಲಿತಿತ್ತು. ಚಿತ್ರ ತೋರಿಸಿ ಬಾಳೆಹಣ್ಣು ಕೇಳುವುದನ್ನೂ ಈಗಷ್ಟೇ ಕಲಿಯುತ್ತಿತ್ತು. ಅಷ್ಟರಲ್ಲಿ ಹೊಗೆಸೊಪ್ಪು ಕೀಳುವ ಕಾಲ ಬಂತು. ಸೊಪ್ಪು ಕೀಳಬೇಕು, ಕಡ್ಡಿಗೆ ಕಟ್ಟಬೇಕು, ಬ್ಯಾರನ್ನಿನ ಬೆಂಕಿ ಆರದಂತೆ ಹಗಲೂ ಇರುಳೂ ಕಾಯಬೇಕು. "ಇನ್ ಮೂರ್ನಾಕು ತಿಂಗ್ಳು ಮೈಸೂರು ಆಗಲ್ಲ ಕಣೇ" ಅಂದ ಗಂಡ ಮೋಹನ್‌ಕುಮಾರ್, ತಲೆ ತಗ್ಗಿಸಿಕೊಂಡು. ಅಷ್ಟು ದಿನ ಬಿಟ್ಟರೆ ಮಗು ಕಲಿತದ್ದನ್ನೂ ಮರೆತುಬಿಡುತ್ತೆ ಅಂತ ಅಲ್ಲಿನ ಟೀಚರು ಹೇಳಿದ್ದರು. ಯಶೋದ ಆ ರಾತ್ರಿ ಊಟ ಮಾಡಲಿಲ್ಲ.

ಮುಂದಿನ ಭಾನುವಾರ ಹೊಳೆನರಸೀಪುರದಿಂದ ಹಂಸ ಬಂದಳು. ಹಂಸ ಹೈಸ್ಕೂಲು ಟೀಚರು. ಅವಳ ಮಗ ಪ್ರದ್ಯುಮ್ನನಿಗೂ ಆಟಿಸಂ. ಮೈಸೂರಿನ ಆಸ್ಪತ್ರೆಯಲ್ಲೇ ಅವಳಿಗೂ ಯಶೋದಳಿಗೂ ಪರಿಚಯ. ಅವಳು ಅಂಗಳಕ್ಕೆ ಕಾಲಿಡುತ್ತಿದ್ದಂತೆ ಬೆಟ್ಟಮ್ಮ ಧನ್ಯಾಳ ರಟ್ಟೆ ಹಿಡಿದು ಹಿತ್ತಿಲಿಗೆ ಹೊರಟಳು.

"ಅಮ್ಮಾ, ಎಲ್ಲಿಗೆ ಕರ್ಕೊಂಡು ಹೋಗ್ತಿದೀರಿ? ನಾನು ಬಂದಿರೋದೇ ಅವಳನ್ನ ನೋಡೋಕೆ" ಅಂತ ನಕ್ಕಳು ಹಂಸ.

ಬೆಟ್ಟಮ್ಮ ಪೆಚ್ಚಾಗಿ ನಿಂತಳು. ಕಾಫಿ ಆಯಿತು. ಹಂಸ ಬಂದ ವಿಷಯ ಹೇಳಿದಳು. "ಬರೋ ಗುರುವಾರ ಹಾಸನದಲ್ಲಿ ದೊಡ್ಡ ಅಧಿಕಾರಿಗಳು ಜನರ ಕಷ್ಟ ಕೇಳೋಕೆ ಸಭೆ ಮಾಡ್ತಾರೆ. ಚನ್ನರಾಯಪಟ್ಟಣದವರು, ಸಾಲಗಾಮೆಯವರು, ನಾವು, ಎಲ್ಲಾ ಸೇರಿ ಹೋಗ್ತಿದೀವಿ. ತಾಲ್ಲೂಕು ಆಸ್ಪತ್ರೇಲೇ ಕಲಿಸೋ ಟೀಚರು ಬೇಕು, ಅದಕ್ಕೆ ಸರ್ಕಾರ ದುಡ್ಡು ಕೊಡಬೇಕು ಅಂತ ಕೇಳ್ತೀವಿ. ಇಲ್ಲೇ ನಿಮ್ಮ ತಾಲ್ಲೂಕು ಅರಕಲಗೂಡಲ್ಲಿ ಒಬ್ಬರು ಕೂತರೆ ನಿಮ್ಮ ಯಶೋದ ಮೈಸೂರಿಗೆ ಯಾಕೆ ಹೋಗಬೇಕು? ನೀವೂ ಮಗೂನ ಕರ್ಕೊಂಡು ಬನ್ನಿ."

"ಮಗೂನ ನಾಕ್ ಜನದ ಮುಂದೆ ನಿಲ್ಸಾದಾ? ಅದೊಂದ್ ಬ್ಯಾಡಿ ಟೀಚರಮ್ಮ" ಅಂದಳು ಬೆಟ್ಟಮ್ಮ. "ಇದು ಸರ್ಕಾರ ಸರಿ ಮಾಡೋದಲ್ಲ. ಇವ್ಳು ಬಸುರೀಲಿ ಗ್ರಾಣದ ಒತ್ನಲ್ಲಿ ಆಚ್ಗೋಗಿದ್ಲು. ಅದುಕ್ಕೇ ಇಂಗಾಗಿರಾದು."

ಯಶೋದಳ ಕಣ್ಣಲ್ಲಿ ನೀರು ಬಂತು. ಈ ಮಾತನ್ನು ಅವಳು ಆರು ವರ್ಷದಿಂದ ಕೇಳುತ್ತಿದ್ದಳು. "ನಾನೇನ್ ಆಸೆಗೆ ಓಗಿದ್ನಾ ಅತ್ತೆ? ಬ್ಯಾರನ್ ತುಂಬಾ ಸೊಪ್ಪಿತ್ತು. ಬೆಂಕಿ ಆರೋದ್ರೆ ಎಲ್ಲಾ ಆಳಾಯ್ತದೆ ಅಂತ ಸೌದೆ ಆಕಕ್ಕೆ ಓಗಿದ್ದು. ಮನೇಲಿ ಇನ್ಯಾರಿದ್ರು?"

"ಅಮ್ಮಾ, ಒಂದು ಮಾತು ಕೇಳಿ" ಅಂದಳು ಹಂಸ. "ಪ್ರದ್ಯುಮ್ನ ಹೊಟ್ಟೇಲಿದ್ದಾಗ್ಲೂ ಗ್ರಹಣ ಆಯ್ತು. ನಮ್ಮತ್ತೆ ನನ್ನನ್ನ ಕೋಣೇಲಿ ಕೂರಿಸಿ, ಕಿಟಕಿಗೆ ಕಂಬಳಿ ಹೊದಿಸಿ, ಕೈಗೆ ದರ್ಭೆ ಕೊಟ್ಟು, ಬಿಡೋವರೆಗೂ ಒಂದು ತೊಟ್ಟು ನೀರು ಕುಡಿಸಲಿಲ್ಲ. ಮಡಿ ಅಂದ್ರೆ ಮಡಿ! ಆದ್ರೂ ನನ್ನ ಮಗನೂ ಹೀಗೇ ಹುಟ್ಟಿದ. ಹಾಗಾದ್ರೆ ಗ್ರಹಣ ಏನು ಮಾಡ್ತು ಹೇಳಿ?"

ಬೆಟ್ಟಮ್ಮ ಸೊಸೆಯ ಮುಖ ನೋಡಿದಳು.

"ಇದು ಹುಚ್ಚಲ್ಲ, ಶಾಪ ಅಲ್ಲ, ತಾಯಿ ತಪ್ಪೂ ಅಲ್ಲ. ಕೆಲವು ಮಕ್ಕಳ ಮೆದುಳು ಬೆಳೆಯೋ ರೀತಿನೇ ಬೇರೆ. ಮದ್ದು ಕೊಟ್ಟು ತೆಗೆಯೋಕೆ ಆಗಲ್ಲ. ಆದ್ರೆ ಚಿಕ್ಕಂದಿನಲ್ಲೇ ಕಲಿಸೋರು ಸಿಕ್ಕಿದ್ರೆ ತುಂಬಾ ಕಲೀತಾರೆ. ನಿಮ್ಮ ಕೈ ಹಿಡಿದು ಬಿಂದಿಗೆ ಮೇಲೆ ಇಡ್ತಾಳಂತಲ್ಲ ಧನ್ಯಾ, ಯಶೋದ ಹೇಳಿದ್ಲು. ಅದೇ ಅಮ್ಮಾ ಅವಳ ಮಾತು. ಅವಳು ನಿಮ್ಮ ಹತ್ರ ದಿನಾ ಮಾತಾಡ್ತಾ ಇದಾಳೆ."

ಬೆಟ್ಟಮ್ಮ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಎಷ್ಟು ಸಲ ಕೊಸರಿಕೊಂಡಿದ್ದೆನಲ್ಲಾ ಅಂದುಕೊಂಡಳು. ಆದರೂ ಹಟ ಬಿಡಲಿಲ್ಲ. "ಬಸ್ಸಲ್ಲಿ ಮಗೂನ ಇಡ್ಕಳಾಕೆ ಬತ್ತೀನಿ. ಸಭೆ ಒಳಿಕ್ ಮಾತ್ರ ಕರೀಬ್ಯಾಡಿ" ಅಂದಳು.

ಗುರುವಾರ ಹಾಸನಕ್ಕೆ ಹೋದರು. ಯಶೋದ, ಹಂಸ ಒಳಗೆ ಹೋದರು. ಬೆಟ್ಟಮ್ಮ ಧನ್ಯಾಳನ್ನು ಕರೆದುಕೊಂಡು ಹೊರಗೆ ಮರದ ಕೆಳಗೆ ಕೂತಳು. ಯಾರಾದರೂ ನೋಡಿದರೆ ಸೆರಗು ಎಳೆದು ಮಗುವಿನ ಮುಖ ಮುಚ್ಚುವಳು. ಅಷ್ಟರಲ್ಲಿ ಕರೆಂಟು ಹೋಯಿತು, ಪಕ್ಕದಲ್ಲೇ ಜನರೇಟರು ಗಡಗಡ ಅಂತ ಶುರುವಾಯಿತು. ಧನ್ಯಾ ಬೆದರಿ ಚೀರಿದಳು. ಬೆಟ್ಟಮ್ಮ ಏನು ಮಾಡಿಯಾಳು? ಮಗುವನ್ನು ಬಾಚಿ ಎತ್ತಿಕೊಂಡು ಸಭೆಯೊಳಗೇ ನುಗ್ಗಿ ಹಿಂದಿನ ಬೆಂಚಿನಲ್ಲಿ ಕೂತಳು.

ಒಳಗೂ ಸದ್ದು ಕಡಿಮೆ ಇರಲಿಲ್ಲ, ಮೈಕು ಕುಂಯ್ ಅನ್ನುತ್ತಿತ್ತು. ಆಗ ಧನ್ಯಾ ಅಜ್ಜಿಯ ಎರಡು ಕೈಯನ್ನೂ ಹಿಡಿದು ಎಳೆದಳು. ಒಂದನ್ನು ಈ ಕಿವಿಯ ಮೇಲಿಟ್ಟುಕೊಂಡಳು, ಇನ್ನೊಂದನ್ನು ಆ ಕಿವಿಯ ಮೇಲಿಟ್ಟುಕೊಂಡಳು. ಬೆಟ್ಟಮ್ಮನಿಗೆ ತಟ್ಟನೆ ಅರ್ಥವಾಯಿತು. "ಅಯ್ಯೋ ನನ್ ಕಂದಾ, ಸದ್ದಾಯ್ತದೆ ಮುಚ್ಚವ್ವಾ ಅಂತೀಯಾ?" ಅಂತ ಎರಡು ಅಂಗೈಯನ್ನೂ ಗಟ್ಟಿಯಾಗಿ ಒತ್ತಿ ಹಿಡಿದಳು. ಮಗುವಿನ ಉಸಿರು ನಿಧಾನಕ್ಕೆ ಹದಕ್ಕೆ ಬಂತು. ಅದರ ತಲೆ ಅಜ್ಜಿಯ ಎದೆಗೆ ಒರಗಿತು.

ಮುಂದೆ ಹಂಸ ಮಾತಾಡಿ ಮುಗಿಸಿದ್ದಳು. ಅಧಿಕಾರಿ ಸಮಾಧಾನದ ಮನುಷ್ಯ. "ನೋಡಿ ಟೀಚರೇ, ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ ಕಾನೂನಿದೆ, ಹಣ ಇದೆ. ಅಂಗವಿಕಲರ ಕಾನೂನಲ್ಲಿ ಆಟಿಸಂ ಅನ್ನೋ ಹೆಸರೇ ಸೇರಿಲ್ಲ. ಮೇಲಿನವರಿಗೆ ನಾನು ಬರೀಬಹುದು. ಆದ್ರೆ ಎಷ್ಟು ಮಕ್ಕಳಿದಾರೆ ಅಂತ ಮೊದಲು ಕೇಳ್ತಾರೆ. ಹೋದ ವರ್ಷ ಮನೆಮನೆಗೂ ಹೋಗಿ ಗಣತಿ ಮಾಡಿದ್ವಿ. ಕೊಣನೂರಿನ ಕಡೆಯಿಂದ ಇಂಥ ಮಗು ಒಂದೂ ಇಲ್ಲ. ರಾಮನಾಥಪುರದಿಂದಲೂ ಇಲ್ಲ. ಇಲ್ಲದ ಮಕ್ಕಳಿಗೆ ಟೀಚರು ಕೊಡಿ ಅಂತ ಹೇಗೆ ಕೇಳಲಿ? ಎಲ್ಲಿ, ಮನೇಲಿ ಇಂಥ ಮಗು ಇರೋರು ಕೈ ಎತ್ತಿ ನೋಡೋಣ."

ಯಶೋದ ಎತ್ತಿದಳು, ಹಂಸ ಎತ್ತಿದಳು, ಇನ್ನು ಮೂರ್ನಾಲ್ಕು ಜನ ಎತ್ತಿದರು. ಸುಮಾರು ಹೆಂಗಸರು ಸೆರಗಿನೊಳಗೆ ಕೈ ಇಟ್ಟುಕೊಂಡೇ ಕೂತಿದ್ದರು. ಆ ಕೂತವರನ್ನು ನೋಡಿದರೆ ಬೆಟ್ಟಮ್ಮನಿಗೆ ತನ್ನನ್ನೇ ನೋಡಿದ ಹಾಗಾಯಿತು. ಚನ್ನಪ್ಪ ಮೇಷ್ಟ್ರಿಗೆ ಕೊಟ್ಟ ಮಜ್ಜಿಗೆ ನೆನಪಾಯಿತು. ಅಯ್ಯೋ ದೇವರೇ, ನನ್ನ ಮಗುವನ್ನು ಲೆಕ್ಕದಿಂದ ಅಳಿಸಿದವಳು ನಾನೇ ಅಲ್ಲವಾ!

ಮಗುವನ್ನು ಎದೆಗೊತ್ತಿಕೊಂಡೇ ಎದ್ದು ನಿಂತಳು.

"ಸಾ! ನನ್ನೆಲ್ಡ್ ಕೈಯೂ ಮಗೀನ್ ಕಿವಿ ಮ್ಯಾಲವೆ, ಎತ್ತಕ್ಕಾಗಲ್ಲ. ಇಂಗೇ ಬರ್ಕಳಿ. ರಾಮನಾಥಪುರದಾಗೆ ಒಬ್ಳವ್ಳೆ, ಎಸ್ರು ಧನ್ಯಾ, ನನ್ ಮೊಮ್ಮಗ್ಳು. ಓದ್ವರ್ಸ ಇಲ್ಲ ಅಂದೋಳೂ ನಾನೇ ಕಣ್ ಸಾ. ನನ್ನಂಗೆ ಇಲ್ಲ ಅಂದೋರು ಇನ್ನೂ ಅವ್ರೆ. ನೀವಿನ್ನೊಂದ್ ಕಿತ ಎಣ್ಸಿ!"

ಸಭೆಯೆಲ್ಲ ಹಿಂದಕ್ಕೆ ತಿರುಗಿ ನೋಡಿತು. ಆಮೇಲೆ ಕಿಟಕಿ ಪಕ್ಕದಲ್ಲಿ ಕೂತಿದ್ದ ಒಬ್ಬಳು ಎದ್ದು "ನಮ್ಮನೇಲೂ ಒಬ್ಬ ಅವ್ನೆ ಸಾ" ಅಂದಳು. ಅವಳ ಹಿಂದೆ ಇನ್ನೊಬ್ಬಳು ಎದ್ದಳು. ಒಬ್ಬ ಅಜ್ಜ ಎದ್ದ. ಯಶೋದ ಹಿಂದಿನ ಬೆಂಚಿಗೆ ಓಡಿಬಂದಳು. "ಅತ್ತೇ" ಅಂತ ಅವಳ ತೋಳು ಹಿಡಿದು ಅತ್ತಳು.

"ಅಳ್ಬ್ಯಾಡ ಬುಡವ್ವ" ಅಂದಳು ಬೆಟ್ಟಮ್ಮ. "ಗ್ರಾಣದ್ ಮಾತು ಇನ್ನ ನಮ್ಮನೇಲಿ ಬರಾಕಿಲ್ಲ."

ಮತ್ತೆ ಗಣತಿ ನಡೆಯಿತು. ಆದರೆ ಅಷ್ಟಕ್ಕೇ ಟೀಚರು ಬಂದುಬಿಡಲಿಲ್ಲ. ಆ ಮನೆಗಳವರೆಲ್ಲ ಅರ್ಜಿ ಹಿಡಿದು ಅಲೆದರು, ಶಾಸಕರ ಮನೆ ಬಾಗಿಲಲ್ಲಿ ಕೂತರು, ಬೆಂಗಳೂರಿಗೂ ಹೋಗಿ ಬಂದರು. ಆ ವರ್ಷದ ಹೊಗೆಸೊಪ್ಪಿನ ಕೆಲಸ ಮುಗಿಯುವವರೆಗೂ ಯಶೋದ ಮೈಸೂರಲ್ಲಿ ಕಲಿತದ್ದನ್ನೇ ಮನೆಯಲ್ಲಿ ಮಾಡಿಸಿದಳು. ಬಾಳೆಹಣ್ಣಿನ ಚಿತ್ರ ತೋರಿಸುವ ಕೆಲಸ ಅಜ್ಜಿಯದಾಯಿತು, ಬಜೆ ಅಟ್ಟ ಸೇರಿತು. ಬೇಸಿಗೆಯ ಹೊತ್ತಿಗೆ ಅರಕಲಗೂಡು ಆಸ್ಪತ್ರೆಗೆ ವಾರಕ್ಕೊಂದು ದಿನ ಕಲಿಸುವವರು ಬರತೊಡಗಿದರು. ಕಾನೂನಿನಲ್ಲಿ ಆಟಿಸಂ ಹೆಸರು ಸೇರಲಿ ಅಂತ ಅವರೆಲ್ಲ ಓಡಾಡುತ್ತಲೇ ಇದ್ದರು, ಬೆಟ್ಟಮ್ಮನೂ ಜೊತೆಗಿದ್ದಳು. 2016ರಲ್ಲಿ ಬಂದ ಹೊಸ ಕಾನೂನಿನಲ್ಲಿ ಆ ಹೆಸರು ಸೇರಿತು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಹೆಸರು ಕರೆದರೆ ತಿರುಗದ, ಮಾತು ತಡವಾದ, ತನ್ನಷ್ಟಕ್ಕೆ ಆಡಿಕೊಳ್ಳುವ ಮಗು ಇದ್ದರೆ ಕಾಯುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ. ತಾಯಿಯನ್ನು ದೂರಬೇಡಿ. ನಿಮ್ಮಂಥ ಮನೆಯವರನ್ನು ಹುಡುಕಿ, ಒಟ್ಟಿಗೆ ಹೋಗಿ ಕೇಳಿ. ಅದು ಭಿಕ್ಷೆಯೇನಲ್ಲ, ಮಗುವಿನ ಹಕ್ಕು. ಗಣತಿಯವರು ಬಂದಾಗ ಮಜ್ಜಿಗೆ ಧಾರಾಳವಾಗಿ ಕೊಡಿ. ಆದರೆ ಅದಕ್ಕೆ ಮೊದಲು ಮಗುವನ್ನು ಜಗಲಿಗೆ ಕರೆತಂದು ಪಕ್ಕದಲ್ಲಿ ಕೂರಿಸಿಕೊಳ್ಳಿ.