ಮೂವತ್ತೊಂದನೇ ಚೀಟಿ

ಬಯೋಕೆಮಿಸ್ಟ್ರಿಯಲ್ಲಿ ಎರಡು ಸಲ ಡುಮ್ಕಿ ಹೊಡೆದವಳಿಗೆ ಮೂರನೆಯದೇ ಕೊನೆ. ಅದರಲ್ಲೂ ಹೋದರೆ ನರಿನ್ ಊರಿನ ಪಶುವೈದ್ಯ ಕಾಲೇಜಿನಿಂದ ಗಂಟುಮೂಟೆ ಕಟ್ಟಬೇಕು. ಸಾಲ್ಕಿನ್ ದಡ್ಡಿಯಲ್ಲ, ಹಾಗೆ ಯಾರೂ ತಿಳಿಯಬೇಡಿ. ಕುರಿಗೆ ಹೊಟ್ಟೆಯುಬ್ಬರವಾದರೆ ಕೈಯಿಟ್ಟು ನೋಡಿ ಎಲ್ಲಿ ಚುಚ್ಚಬೇಕೆಂದು ಹೇಳುತ್ತಿದ್ದಳು. ಅದೇ ಹೊಟ್ಟೆಯೊಳಗಿನ ಆಮ್ಲಗಳ ಹೆಸರು ಕೇಳಿದರೆ ಮಾತ್ರ ನಾಲಿಗೆ ತೊಡರುತ್ತಿತ್ತು. ಬೆಟ್ಟದ ಮೇಲಿನ ಹಳ್ಳಿಯಲ್ಲಿ ಅವಳ ಅಪ್ಪ ಆಗಲೇ ಎದುರಿಗೆ ಸಿಕ್ಕವರಿಗೆಲ್ಲ "ನಮ್ಮ ಡಾಕ್ಟರು" ಎಂದು ಹೇಳಿಕೊಂಡು ತಿರುಗುತ್ತಿದ್ದ.

ಪರೀಕ್ಷೆಯೆಂದರೆ ಮೇಜಿನ ಮೇಲೆ ಬೋರಲು ಹಾಕಿದ ನಲವತ್ತು ಚೀಟಿ. ಒಂದನ್ನು ಎತ್ತಿ, ಅದರಲ್ಲಿ ಏನಿದೆಯೋ ಅದನ್ನು ಮಂಬೆತ್ ಅಗಾಯ್ ಎದುರು ನಿಂತು ಹೇಳಬೇಕು. ಅಗಾಯ್ ಎಂದರೆ ಮೇಷ್ಟ್ರು. ಪ್ರಶ್ನೆಗಳು ಮೊದಲೇ ಗೊತ್ತು, ಆದರೆ ನಲವತ್ತಕ್ಕೂ ಉತ್ತರ ಬರೆದಿಟ್ಟುಕೊಳ್ಳುವುದು ಒಬ್ಬರ ಕೈಲಾಗುವ ಕೆಲಸವಲ್ಲ. ಹಾಗಾಗಿ ಹಂಚಿಕೊಳ್ಳುವುದು ವಿದ್ಯಾರ್ಥಿಗಳ ವಾಡಿಕೆ. ಸಾಲ್ಕಿನ್‌ಳ ಕೋಣೆಯ ಗೆಳತಿ ನಾಜಿಕ್ ಪೇಟೆಯ ಹುಡುಗಿ, ಒಮ್ಮೆಯೂ ಫೇಲಾದವಳಲ್ಲ. ಮೊದಲ ಇಪ್ಪತ್ತು ನಿನ್ನದು, ಉಳಿದ ಇಪ್ಪತ್ತು ನನ್ನದು, ಬರೆದು ಅದಲುಬದಲು ಮಾಡಿಕೊಳ್ಳೋಣ ಎಂದು ಅವಳೇ ಹೇಳಿದಳು. ಮೂರು ವರ್ಷ ಒಂದೇ ರೊಟ್ಟಿ ಮುರಿದು ತಿಂದವಳು. ಅಂಥವಳು ಬರೆದದ್ದನ್ನು ಪುಸ್ತಕ ತೆರೆದು ತಾಳೆ ನೋಡುವುದುಂಟೇ? ನಮ್ಮಲ್ಲಿ ಯಾರೂ ಹಾಗೆ ಮಾಡುವುದಿಲ್ಲ.

ಸಾಲ್ಕಿನ್ ಎರಡು ವಾರ ಕೂತು ತನ್ನ ಇಪ್ಪತ್ತನ್ನು ಬರೆದಳು. ಹಾಳೆಗಳನ್ನು ಕೆಂಪು ಉಣ್ಣೆದಾರದಲ್ಲಿ ಕಟ್ಟಿ, ಅಮ್ಮ ಗುಡಾರದ ಹಗ್ಗಕ್ಕೆ ಹಾಕುವ ಗಂಟು ಹಾಕಿ ಕೊಟ್ಟಳು. ಬಿಚ್ಚುವುದು ಸುಲಭ; ಮತ್ತೆ ಹಾಕುವುದು ಮಾತ್ರ ಗುಡಾರದಲ್ಲಿ ಹುಟ್ಟಿದವರಿಗಷ್ಟೇ ಬರುತ್ತದೆ. ಓದಿದ್ದು ತಲೆಗೆ ಹತ್ತದಾಗ ಅವಳು ಚಿತ್ರ ಬರೆಯುತ್ತಿದ್ದಳು. ಹುಲ್ಲು ಕುರಿಯ ಮೊದಲ ಹೊಟ್ಟೆಗೆ ಬಿದ್ದು, ಕೊಳೆತು, ಆಮ್ಲವಾಗಿ, ಕೊನೆಗೆ ಬಾಲದ ಕೊಬ್ಬಾಗುವ ತನಕದ ದಾರಿಯನ್ನು ದೊಡ್ಡ ಚಾರ್ಟಿನಲ್ಲಿ ಬರೆದು, ಅಂಚಿಗೆ ಟಗರಿನ ಕೊಂಬಿನಂತೆ ಸುರುಳಿ ಸುತ್ತಿದ ಕೆಂಪು ಬಳ್ಳಿ ಎಳೆದು ಒಲೆಯ ಪಕ್ಕದ ಗೋಡೆಗೆ ಅಂಟಿಸಿದಳು. ಇಬ್ಬರಿಗೂ ಆಗಲಿ ಅಂತ. ಪರೀಕ್ಷೆಗೆ ಹತ್ತು ದಿನ ಇದ್ದಾಗ ನೋಡಿದರೆ ಅದು ಗೋಡೆಯಲ್ಲಿರಲಿಲ್ಲ. ಬೆಂಕಿ ಹತ್ತೀತೆಂದು ಹಾಸ್ಟೆಲಿನ ವಾರ್ಡನಮ್ಮ ಕಿತ್ತುಕೊಂಡು ಹೋದಳು ಎಂದಳು ನಾಜಿಕ್. ಸಾಲ್ಕಿನ್ ವಾರ್ಡನಮ್ಮನಿಗೆ ಮನಸಾರೆ ಶಾಪ ಹಾಕಿದಳು.

ನಾಜಿಕ್‌ಳ ಇಪ್ಪತ್ತು ಕೈಸೇರಿದ್ದು ಪರೀಕ್ಷೆಗೆ ನಾಲ್ಕು ದಿನ ಇದ್ದಾಗ. ಮುತ್ತು ಪೋಣಿಸಿದಂಥ ಅಕ್ಷರ. ಸಾಲ್ಕಿನ್ ಒಂದಕ್ಷರ ಬಿಡದೆ ಉರುಹೊಡೆದಳು.

ಪರೀಕ್ಷೆಯ ಬೆಳಿಗ್ಗೆ ನಾಜಿಕ್ ಸಾಲಿನಲ್ಲಿ ನಿಲ್ಲಲಿಲ್ಲ. ತಾನು ಕೊನೆಗೆ ಹೋಗುವೆನೆಂದು ಥರ್ಮಾಸು ಹಿಡಿದು ಕಿಟಕಿಯ ಬಳಿ ನಿಂತಳು. ಸಾಲ್ಕಿನ್ ಒಳಗೆ ಹೋಗಿ ಚೀಟಿ ಎತ್ತಿದಳು. ಮೂವತ್ತೊಂದು: ಕುರಿಯ ಪಿತ್ತಜನಕಾಂಗ ಅಮೋನಿಯಾವನ್ನು ಹೇಗೆ ಯೂರಿಯಾ ಮಾಡುತ್ತದೆ. ಬಾಯಿಪಾಠವಾಗಿದ್ದ ಉತ್ತರ. ಗಡಗಡ ಹೇಳಿ ಮುಗಿಸಿದಳು.

ಮಂಬೆತ್ ಅಗಾಯ್ ಕನ್ನಡಕ ತೆಗೆದು ಒರೆಸಿಕೊಂಡರು. "ಶುರು ಇದೆ, ಕೊನೆ ಇದೆ. ನಡುವಿನ ಮೂರು ಹಂತ ಎಲ್ಲಮ್ಮಾ? ನೀನು ಹೇಳಿದ ಹಾಗಾದ್ರೆ ಕುರಿ ಸಂಜೆಯೊಳಗೆ ಸಾಯುತ್ತೆ. ಯಾರು ಕಲಿಸಿದ್ದು ನಿನಗೆ ಇದನ್ನ?"

ಅವಳು ಕೈಯಲ್ಲಿದ್ದ ಚೀಟಿಯನ್ನೇ ಮತ್ತೆ ಓದಿದಳು. ಅಗಾಯ್ ಕೆಟ್ಟವರಲ್ಲ. ಎರಡನೇ ಚೀಟಿ ಎತ್ತು, ಒಂದು ದರ್ಜೆ ಕಡಿಮೆ ಕೊಡುತ್ತೇನೆ, ಇದೇ ಕೊನೆ ಎಂದರು. ಬಂದದ್ದು ಹನ್ನೆರಡು: ಮೊದಲ ಹೊಟ್ಟೆಯಲ್ಲಿ ಹುಲ್ಲಿನ ಗತಿ. ಅವಳ ಜೀವ ಮರಳಿತು.

"ತಡಿ, ಇದರ ಉತ್ತರ ಗೋಡೆ ಮೇಲೇ ಇದೆ," ಎಂದು ಅಗಾಯ್ ಎದ್ದು ಅವಳ ಬೆನ್ನ ಹಿಂದಿನ ಗೋಡೆಗೆ ಹೋದರು. "ನೋಡಿ ಹೇಳಿಬಿಟ್ಟೀಯ. ಇದನ್ನ ಬರೆದಿದ್ದಕ್ಕೇ ಈ ಸಲ ನಾಜಿಕ್‌ಗೆ ಪರೀಕ್ಷೆ ಮಾಫಿ ಮಾಡಿದ್ದು. ಹೋದ ವಾರವೇ ಪೂರ್ತಿ ಅಂಕ ಹಾಕಿ ಕೊಟ್ಟೆ."

ಸಾಲ್ಕಿನ್ ತಿರುಗಿ ನೋಡಿದಳು. ಕೆಂಪು ಕೊಂಬಿನ ಬಳ್ಳಿ. ಎಡಮೂಲೆಯಲ್ಲಿ ಅವಳೇ ಇಟ್ಟ ಚಹಾ ಬಟ್ಟಲಿನ ಗುರುತು. ಅದರ ಕೆಳಗೆ ಮುತ್ತಿನಂಥ ಅಕ್ಷರದಲ್ಲಿ ನಾಜಿಕ್‌ಳ ಹೆಸರು. ಒಮ್ಮೆಯೂ ಫೇಲಾಗದವರು ಚಂದದ ಚಾರ್ಟು ತಂದರೆ ಅಗಾಯ್ ಪರೀಕ್ಷೆ ಬಿಡುತ್ತಾರೆಂದು ಇಡೀ ಕಾಲೇಜಿಗೆ ಗೊತ್ತಿತ್ತು. ಅಗಾಯ್ ಅವಳದೇ ಚಾರ್ಟನ್ನು, ಅವಳು ಕದ್ದು ನೋಡದಿರಲಿ ಎಂದು, ಮುಖ ಗೋಡೆಗೆ ಮಾಡಿ ತಿರುಗಿಸಿ ಇಟ್ಟರು.

ಆದರೂ ಹೇಳಿದಳು. ಹುಲ್ಲಿನಿಂದ ಹಿಡಿದು ಬಾಲದ ಕೊಬ್ಬಿನವರೆಗೆ ಒಂದು ಬಾಣದ ಗುರುತನ್ನೂ ಬಿಡದೆ ಹೇಳಿದಳು. ಅಗಾಯ್ ಮುಖ ಅರಳಿತು.

"ಆ ಚಾರ್ಟಿನಲ್ಲಿ ಇದ್ದ ಹಾಗೇ ಹೇಳ್ತಿದ್ದೀಯಲ್ಲ. ನಾಜಿಕ್ ಚೆನ್ನಾಗಿ ಕಲಿಸಿದ್ದಾಳೆ. ಹೋಗಿ ಅವಳಿಗೆ ಒಂದು ಥ್ಯಾಂಕ್ಸ್ ಹೇಳು."

ಅದು ನನ್ನದು ಎನ್ನುವ ಮಾತು ಗಂಟಲಿಗೆ ಬಂದಿತ್ತು. ಅಗಾಯ್ ಪೆನ್ನು ಅವಳ ಅಂಕದ ಪುಸ್ತಕದ ಮೇಲಿತ್ತು, ಇನ್ನೂ ಬರೆದಿರಲಿಲ್ಲ. ಈಗ ಬಾಯಿಬಿಟ್ಟರೆ ವಿಚಾರಣೆ, ಸಾಕ್ಷಿ, ಎರಡು ಸಲ ಫೇಲಾದವಳ ಮಾತು ಯಾರು ನಂಬುತ್ತಾರೆ? ಅಪ್ಪನ "ನಮ್ಮ ಡಾಕ್ಟರು" ನೆನಪಾಯಿತು. ಅವಳು ಮಾತು ನುಂಗಿಕೊಂಡಳು. ಅಗಾಯ್ ಪಾಸು ಎಂದು ಬರೆದರು. ಹಾಗೆ ಸುಮ್ಮನಿದ್ದ ನಾಚಿಕೆಯನ್ನೂ ನಾಜಿಕ್‌ಳೇ ತನಗೆ ಅಂಟಿಸಿದಳು ಎನಿಸಿ ಅವಳಿಗೆ ಅಳು ಬಂತು.

ಹೊರಗೆ ನಾಜಿಕ್ ಚಹಾ ಬಗ್ಗಿಸಿ ಬಟ್ಟಲು ಮುಂದೆ ಚಾಚಿದಳು. ಯಾವ ಚೀಟಿ ಬಂತೆಂದು ಕೇಳಿದಳು.

"ಮೂವತ್ತೊಂದು."

ಬಟ್ಟಲು ಅಲ್ಲೇ ನಿಂತಿತು. ನಾಜಿಕ್ ಕಿಟಕಿಯಾಚೆ ನೋಡುತ್ತ, ಮಾಫಿ ಸಿಕ್ಕಮೇಲೆ ತನಗೆ ಬರೆಯುವ ಮನಸ್ಸೇ ಇರಲಿಲ್ಲ, ಪುಸ್ತಕದಿಂದ ಅಲ್ಲಲ್ಲಿ ಎತ್ತಿ ಬರೆದೆ ಎಂದಳು. ಆಮೇಲೆ ದನಿ ತಗ್ಗಿಸಿ, "ಚಾರ್ಟು ನಿನಗೆ ಹೇಗೂ ಉಪಯೋಗಕ್ಕೆ ಬರ್ತಿರಲಿಲ್ವಲ್ಲೇ. ಫೇಲಾದವರಿಗೆ ಮಾಫಿ ಕೊಡಲ್ಲ. ಸುಮ್ನೆ ಗೋಡೇಲಿ ಇತ್ತು," ಎಂದಳು.

"ಕೇಳಬಹುದಿತ್ತಲ್ಲೇ. ಕೊಡ್ತಿದ್ದೆ."

ನಾಜಿಕ್ ಬಟ್ಟಲು ಕಿಟಕಿಯ ಕಟ್ಟೆಗಿಟ್ಟು ಥರ್ಮಾಸಿನ ಮುಚ್ಚಳ ತಿರುಗಿಸತೊಡಗಿದಳು.

"ನನ್ನ ಇಪ್ಪತ್ತು ವಾಪಸ್ ಕೊಡು."

ನಾಜಿಕ್ ಚೀಲದ ತಳದಿಂದ ಕಟ್ಟನ್ನು ತೆಗೆದು ಕೊಟ್ಟಳು. ಸಾಲ್ಕಿನ್ ಅದನ್ನು ಕೈಯಲ್ಲಿ ಹಿಡಿದು ನೋಡಿದಳು. ಕೆಂಪು ದಾರ ಹಾಗೇ ಇತ್ತು. ಅಮ್ಮನ ಗಂಟು, ಅವಳು ಹಾಕಿದ ದಿನ ಹೇಗಿತ್ತೋ ಹಾಗೇ ಇತ್ತು.